ಚಿಕ್ಕ ಜಾಡಿನ ಬೋಣಿ

ಮಾಲೂರಿನ ಸುತ್ತ ಇಟ್ಟಿಗೆಗೆಂದು ಮಣ್ಣು ತೆಗೆದು ಬಿಟ್ಟ ಹಳ್ಳಗಳು ಬಹಳ. ಮಳೆ ಬಂದ ವರ್ಷ ಅವುಗಳಲ್ಲಿ ನೀರು ನಿಲ್ಲುತ್ತದೆ, ಬಾರದ ವರ್ಷ ಜಾಲಿ ಬೆಳೆಯುತ್ತದೆ. ನಾನು ಕೆಲಸ ಮಾಡುವುದು ಅಂಥದೊಂದು ಹಳ್ಳದಲ್ಲಿ. ಅದರ ಒಂದು ಬದಿಯ ಇಳಿಜಾರಿಗೆ ಮೇಲಿನಿಂದ ಕೆಳಗಿನವರೆಗೆ ಹಸಿರು ಪ್ಲಾಸ್ಟಿಕ್ ಬ್ರಷ್ಷಿನ ಹಾಸು ಹೊದಿಸಿದ್ದೇವೆ. ಹಿಮ ಬೀಳದ ಊರುಗಳಲ್ಲಿ ಸ್ಕೀ ಕಲಿಯಲು ಹೀಗೆ ಮಾಡುತ್ತಾರೆ. ಹಾಸಿನ ಮೇಲೆ ನೀರು ಚಿಮುಕಿಸಿದರೆ ಒಂದೊಂದು ಕಾಲಿಗೆ ಒಂದೊಂದು ಪಟ್ಟಿ ಕಟ್ಟುವ ಸ್ಕೀಯೂ, ಎರಡೂ ಕಾಲಿಗೆ ಒಂದೇ ಹಲಗೆಯಾದ ಸ್ನೋಬೋರ್ಡೂ ಹಿಮದ ಮೇಲೆ ಜಾರುವಂತೆಯೇ, ಸ್ವಲ್ಪ ಒರಟಾಗಿ, ಜಾರುತ್ತವೆ. ನೋಡಲು ಬಂದವರು ಮೊದಲು ಹೇಳುವ ಮಾತು, ಇದು ಕಾಲೊರಸಿನ ಹಾಗಿದೆಯಲ್ಲ ಎಂದು. ಹಾಗೆ ಹೇಳಿದವರೇ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಅದರ ಮೇಲೆ ಹತ್ತುತ್ತಾರೆ. ಪೂಜೆ ಮಾಡಿದ ಜಾಗ ತಾನೆ.

ಹಳ್ಳದ ಮಾಲೀಕರು ತಮ್ಮ ತಂದೆಯ ಕಾಲದಿಂದ ಇಟ್ಟಿಗೆ ಗೂಡು ನಡೆಸಿದವರು. ಮಣ್ಣು ತೀರಿದ ಮೇಲೆ ಗೂಡು ಆರಿತು. ಮಗಳು, ಅಳಿಯನ ಜೊತೆ ತಾವೂ ಒಮ್ಮೆ ಮನಾಲಿಗೆ ಹೋದಾಗ, ಬಾಡಿಗೆ ಬೂಟು ಹಾಕಿಕೊಂಡು ಜಾರಲು ಜನ ಸಾಲುಗಟ್ಟಿ ನಿಂತಿದ್ದನ್ನು ಕಂಡು ಅವರಿಗೆ ತಮ್ಮ ಹಳ್ಳ ನೆನಪಾಯಿತಂತೆ. ಬೆಂಗಳೂರು ಪಕ್ಕದಲ್ಲೇ ಇದೆ, ಶನಿವಾರ ಭಾನುವಾರ ಎಲ್ಲಿಗೆ ಹೋಗುವುದೆಂದು ತಿಳಿಯದ ಜನ ಅಲ್ಲಿ ತುಂಬಿದ್ದಾರೆ, ಇಲ್ಲಿ ಹಳ್ಳ ಸುಮ್ಮನೆ ಬಿದ್ದಿದೆ. ಅವರ ಯೋಚನೆ ಇಷ್ಟೇ. ಇಳಿಜಾರನ್ನು ರೂಪಿಸಬಲ್ಲವರನ್ನು ಅವರು ಹುಡುಕುತ್ತಿದ್ದ ಸಮಯಕ್ಕೆ ನಾನು ಓದು ಮುಗಿಸಿ ಮುಳಬಾಗಿಲಿನ ಮನೆಗೆ ಮರಳಿದ್ದೆ.

ನಾನು ಓದಿದ್ದು ಉದ್ಯಾನ, ಮೈದಾನ, ಕೆರೆಯಂಗಳಗಳ ನೆಲವನ್ನು ವಿನ್ಯಾಸ ಮಾಡುವ ವಿದ್ಯೆ. ಓದಲು ಹೋಗಿದ್ದ ಚಳಿದೇಶದಲ್ಲಿ ಎರಡು ಚಳಿಗಾಲ ವಾರದ ಕೊನೆಗೆ ಒಂದು ಸ್ಕೀ ಗುಡ್ಡದಲ್ಲಿ ಕೆಲಸ ಮಾಡಿದ್ದೆ. ಅಂಥ ಗುಡ್ಡಗಳ ಒಂದು ಭಾಗವನ್ನು ಟೆರೇನ್ ಪಾರ್ಕ್ ಎಂದು ಬೇರೆಯಾಗಿ ಇಡುತ್ತಾರೆ. ಅಲ್ಲಿ ಹಿಮವನ್ನು ಗುಡ್ಡೆ ಹಾಕಿ ಉಬ್ಬುಗಳನ್ನೂ ಜಿಗಿಯುವ ದಿಬ್ಬಗಳನ್ನೂ ಮಾಡಿರುತ್ತಾರೆ. ನಡುನಡುವೆ, ಮೇಲೆ ಹತ್ತಿ ಜಾರಿಕೊಂಡು ಹೋಗಲು ಅಗಲವಾದ ಪೆಟ್ಟಿಗೆ, ಕಬ್ಬಿಣದ ಕಂಬಿ. ಇವೆಲ್ಲ ಒಂದೇ ಅಳತೆಯವಲ್ಲ. ಹೊಸಬರಿಗೆ ಒಂದು ಸಾಲು, ಸ್ವಲ್ಪ ಬಲ್ಲವರಿಗೆ ಒಂದು, ಪಳಗಿದವರಿಗೆ ಒಂದು. ಪ್ರತಿ ಸಾಲಿನ ತಲೆಯಲ್ಲಿ ಬಣ್ಣದ ಫಲಕ. ಬೆಳಗಿನ ಜಾವ ಜನ ಬರುವ ಮೊದಲು ಗೋರೆ ಹಿಡಿದು ದಿಬ್ಬಗಳ ಅಂಚನ್ನು ತೀಡುವುದು ನನ್ನ ಕೆಲಸ. ನಮಗೆಲ್ಲ ಮೇಲಾಗಿದ್ದ ಹೆಂಗಸು ಚಿಕ್ಕ ಸಾಲನ್ನು ತೀಡಿಸುವಾಗಲೇ ಹೆಚ್ಚು ಕಟ್ಟುನಿಟ್ಟು. ದೊಡ್ಡ ದಿಬ್ಬದಲ್ಲಿ ತಪ್ಪಿದ್ದರೆ ಬಲ್ಲವನು ಬೀಳುತ್ತಾನೆ, ಬೈದುಕೊಂಡು ಮತ್ತೆ ಬರುತ್ತಾನೆ. ಚಿಕ್ಕದರಲ್ಲಿ ತಪ್ಪಿದ್ದರೆ ಹೊಸಬ ಬೀಳುತ್ತಾನೆ, ಅವನು ಮತ್ತೆ ಬರುವುದಿಲ್ಲ ಎನ್ನುತ್ತಿದ್ದಳು. ಆ ಸಾಲಿನಲ್ಲಿ ಮಕ್ಕಳನ್ನು ಕಂಡಿದ್ದೇನೆ, ತಲೆ ಬೆಳ್ಳಗಾದವರನ್ನು ಕಂಡಿದ್ದೇನೆ, ಕಾಲು ಬಾರದ ಒಬ್ಬರು ಸ್ಕೀ ಮೇಲೆ ಕೂರಿಸಿದ ಕುರ್ಚಿಯಲ್ಲಿ ಕೂತು ಇಳಿಯುವುದನ್ನು ಕಂಡಿದ್ದೇನೆ. ಎರಡು ಚಳಿಗಾಲದಲ್ಲೂ ನಾನು ಆ ಸಾಲು ಬಿಟ್ಟು ಮೇಲೆ ಹೋಗಲಿಲ್ಲ. ಹೋಗಬೇಕೆಂದು ಅನ್ನಿಸಲೂ ಇಲ್ಲ.

ಮಾಲೂರಿನ ಹಳ್ಳದಲ್ಲೂ ಹಾಗೆಯೇ ಮೂರು ಜಾಡು ಮಾಡಿದೆ. ದೊಡ್ಡ ಜಾಡಿನಲ್ಲಿ ಆಳೆತ್ತರದ ಜಿಗಿತ, ಕಂಬಿ. ನಡುವಿನದರಲ್ಲಿ ಅದರ ಅರ್ಧ. ಹುಣಸೆ ಮರದ ಕಡೆಗಿರುವ ಚಿಕ್ಕ ಜಾಡಿನಲ್ಲಿ ಮೆಲ್ಲಗೆ ಏಳುವ ಎರಡು ಉಬ್ಬು, ಹಾಸಿನ ಮಟ್ಟಕ್ಕೇ ಹೂತ ಒಂದು ಅಗಲ ಪೆಟ್ಟಿಗೆ, ಕೊನೆಗೆ ಮೊಣಕಾಲೆತ್ತರವೂ ಇಲ್ಲದ ಒಂದು ದಿಬ್ಬ, ಅದಾದ ಮೇಲೆ ತಾನಾಗಿ ವೇಗ ಇಳಿಯುವಂತೆ ಉದ್ದನೆಯ ಸಮತಟ್ಟು. ಕಲಿಸಲು ಮನಾಲಿಯ ಕಡೆಯ ಒಬ್ಬ ತರಬೇತುದಾರರನ್ನು ಮಾಲೀಕರೇ ಕರೆಸಿದರು. ಮದುವೆಯಾಗಿ ಮಕ್ಕಳಿರುವ, ಮೆಲುಮಾತಿನ ಮನುಷ್ಯ. ಎಲ್ಲರೂ ಅವರನ್ನು ಮೇಷ್ಟ್ರೇ ಎಂದು ಕರೆಯುತ್ತಾರೆ.

ಕಾರ್ತಿಕದಲ್ಲಿ ತೆರೆದೆವು. ಮಾಲೀಕರು ಹಿಂದಿನ ದಿನವೇ ಕುರುಡುಮಲೆಗೆ ಹೋಗಿ ಗಣಪನಿಗೆ ಕಾಯಿ ಒಡೆಸಿಕೊಂಡು ಬಂದಿದ್ದರು. ಬೆಳಿಗ್ಗೆ ಪುರೋಹಿತರು ಬಂದರು, ಮೂರೂ ಫಲಕಗಳಿಗೆ ಅರಿಶಿನ ಕುಂಕುಮ ಆಯಿತು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಮಂಗಳಾರತಿಯಾದ ಮೇಲೆ, ನಾನು ಕೆಳಗೆ ನೀರಿನ ವಾಲ್ವ್ ನೋಡುತ್ತಿದ್ದಾಗ, ಮಾಲೀಕರು ದೃಷ್ಟಿಗೆಂದು ಕುಂಕುಮ ತುಂಬಿದ ಬೂದುಗುಂಬಳಕಾಯಿಯನ್ನು ದೊಡ್ಡ ದಿಬ್ಬದ ತುದಿಯ ಮೇಲೆಯೇ ಒಡೆದರು. ಅತಿ ಹೆಚ್ಚು ದೃಷ್ಟಿ ಬೀಳುವ ಜಾಗ ಅದು ಎಂಬುದು ಅವರ ಲೆಕ್ಕ. ಅಂಗಡಿಯ ಮುಂದೆ ಒಡೆದ ಕುಂಬಳವನ್ನು ಕಾಲಿಂದ ಬದಿಗೆ ಸರಿಸಬಹುದು. ಬ್ರಷ್ಷಿನ ಎಳೆಗಳ ನಡುವೆ ಹೋಗಿ ಕೂತ ಕುಂಬಳದ ತಿರುಳನ್ನು ಸರಿಸುವುದು ಹೇಗೆ? ನನಗೆ ಗೊತ್ತಾಗುವಷ್ಟರಲ್ಲಿ ಮೇಷ್ಟ್ರು ಮೇಲಿನಿಂದ ಹೊರಟಾಗಿತ್ತು. ದಿಬ್ಬದ ತುದಿಯಲ್ಲಿ ಅವರ ಸ್ನೋಬೋರ್ಡು ಅಡ್ಡಡ್ಡ ಹೋಯಿತು. ಕರೆದಿದ್ದ ಗಣ್ಯರೆಲ್ಲರ ಎದುರು, ಕುಂಕುಮದ ಕಲೆಗಳ ಜೊತೆ, ಅವರು ಕೆಳಗೆ ಬಂದು ಬಿದ್ದರು. ಪೆಟ್ಟಾಗಲಿಲ್ಲ. ಎದ್ದು ಎಲ್ಲರಿಗೂ ಕೈ ಮುಗಿದರು. ಆದರೆ ಮಾಲೀಕರ ಮುಖ ಬಾಡಿತ್ತು.

ಅದಕ್ಕೆ ಕಾರಣ ಬೋಣಿ. ನಮ್ಮ ಕಡೆ ಹೂವಿನವರಿಂದ ಹಿಡಿದು ಇಟ್ಟಿಗೆ ಗೂಡಿನವರವರೆಗೆ ಯಾರೂ ದಿನದ ಮೊದಲ ವ್ಯಾಪಾರವನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಬೋಣಿ ಒಳ್ಳೆಯ ಕೈಯಿಂದ ಆದರೆ ದಿನ ನಡೆಯುತ್ತದೆ, ಕೆಟ್ಟರೆ ಸಂಜೆಯವರೆಗೂ ನೊಣ ಹೊಡೆಯಬೇಕು. ಅಂಗಡಿಯಲ್ಲಿ ಮೊದಲ ಗಿರಾಕಿಯನ್ನು ಬರಿಗೈಲಿ ಕಳಿಸದಂತೆ, ಇಲ್ಲಿ ದಿನದ ಮೊದಲ ಜಾರುವಿಕೆ ಬೀಳದೆ ಮುಗಿಯಬೇಕೆಂದು ಮಾಲೀಕರು ನಿಯಮ ಮಾಡಿದರು. ಪ್ರತಿದಿನ ಬಾಗಿಲು ತೆರೆದ ಕೂಡಲೇ, ಊದುಬತ್ತಿ ಹಚ್ಚಿ, ಮೇಷ್ಟ್ರನ್ನು ದೊಡ್ಡ ಜಾಡಿನಿಂದ ಇಳಿಸುತ್ತಿದ್ದರು. ಬೀಳಬಾರದು ಎಂದು ಹೇಳಿಸಿಕೊಂಡು ಹೊರಟವರು ಬೀಳುವುದೇ ಹೆಚ್ಚು. ಮೇಷ್ಟ್ರು ಇಡೀ ದಿನ ಒಮ್ಮೆಯೂ ಬೀಳದೆ, ಬೋಣಿಗೆ ಮಾತ್ರ ಎಡವುತ್ತಿದ್ದರು. ಊದುಬತ್ತಿಯ ವಾಸನೆ ಬಂದರೆ ಸಾಕು, ಕಲಿತದ್ದೆಲ್ಲ ಮರೆತುಹೋಗುತ್ತದೆಂದು ನನ್ನ ಹತ್ತಿರ ಹಿಂದಿಯಲ್ಲಿ ಹೇಳಿಕೊಂಡರು.

ಬೋಣಿಯ ಇನ್ನೊಂದು ಪರಿಣಾಮವನ್ನು ನಾನು ತಡವಾಗಿ ಗಮನಿಸಿದೆ. ದಿನದ ಮೊದಲ ನೋಟ ದೊಡ್ಡ ಜಾಡಿನದಾದ್ದರಿಂದ ಬಂದವರೆಲ್ಲ ಅದನ್ನೇ ಕೇಳುತ್ತಿದ್ದರು. ಸ್ಕೀಯನ್ನು ಅದೇ ದಿನ ಮೊದಲ ಸಲ ಕಟ್ಟಿಕೊಂಡವರಿಗೂ ಚಿಕ್ಕ ಜಾಡಿನ ಕಡೆ ಹೋಗಲು ನಾಚಿಕೆ. ಹೋಗಿ ಎಂದರೆ, ಅದು ಮಕ್ಕಳದಲ್ವಾ ಎನ್ನುತ್ತಿದ್ದರು. ದೊಡ್ಡದಕ್ಕೆ ಹೋಗಿ ಹೆದರಿ ಹಿಂದೆ ಬಂದವರು ಚಿಕ್ಕದಕ್ಕೆ ಇಳಿಯದೆ, ಒಂದು ಕಬ್ಬಿನ ಹಾಲು ಕುಡಿದು ಮನೆಗೆ ಹೋಗುತ್ತಿದ್ದರು. ಮಾಲೀಕರು ಚಿಕ್ಕ ಜಾಡಿಗೆ ಗುಬ್ಬಚ್ಚಿ ದಿಬ್ಬ ಎಂದು ಹೆಸರಿಟ್ಟರು. ಸಂಕ್ರಾಂತಿ ಕಳೆಯುವ ಹೊತ್ತಿಗೆ, ಯುಗಾದಿಗೆ ಮೊದಲು ಜೆಸಿಬಿ ತರಿಸಿ ಅದನ್ನು ಕಿತ್ತು ದೊಡ್ಡ ಜಾಡನ್ನು ಅಗಲ ಮಾಡುವುದೆಂದು ತೀರ್ಮಾನಿಸಿದರು.

"ಯಾರ್ಗಮ್ಮಾ ಬೇಕು ಅದು? ಜನ ಹಾರೋದ್ನ ನೋಡಕ್ ಬತ್ತಾರೆ, ತೆವಳೋದ್ನಲ್ಲ," ಎಂದರು.

ನನಗೆ ವಾದ ಮಾಡಿ ಗೆಲ್ಲುವ ಅಭ್ಯಾಸವಿಲ್ಲ. ಹೊಸಬರು ಇಲ್ಲದೆ ಪಳಗಿದವರು ಎಲ್ಲಿಂದ ಬರುತ್ತಾರೆ ಎಂದಷ್ಟೇ ಕೇಳಿದೆ. ಯುಗಾದಿ ಹತ್ತಿರವಾಗಲಿ, ನೋಡೋಣ ಎಂದು ಅವರು ಎದ್ದರು. ಆ ಜಾಡು ಉಳಿಯಬೇಕೆಂದು ನನಗಿದ್ದ ಆಸೆ ಬರೀ ಕೆಲಸದ ಅಭಿಮಾನವಾಗಿರಲಿಲ್ಲ. ಆ ಹೊತ್ತಿಗೆ ನನ್ನ ಮನಸ್ಸಿನಲ್ಲಿ ಅದರ ಮೇಲೆ ಇಳಿಯಬೇಕಾದ ಒಬ್ಬರಿದ್ದರು, ನನ್ನ ಚಿಕ್ಕಮ್ಮ.

ಚಿಕ್ಕಮ್ಮ ಅಮ್ಮನ ತಂಗಿ. ಮಾಲೂರು ಸ್ಟೇಷನ್ನಿಗೆ ನಡೆದುಹೋಗುವಷ್ಟು ಹತ್ತಿರದಲ್ಲಿ ಅವಳ ಮನೆ. ನಾನು ಇರುವುದೂ ಅಲ್ಲೇ. ಬೆಂಗಳೂರಿನ ಒಂದು ಆಡಿಟರ ಕಚೇರಿಯಲ್ಲಿ ಅಕೌಂಟೆಂಟ್ ಆಗಿ ವರ್ಷಗಟ್ಟಲೆ ರೈಲಿನಲ್ಲಿ ಓಡಾಡಿದವಳು. ಮದುವೆಯಾಗಿ ವರ್ಷ ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡಳು. ಇವಳ ಕಾಲ್ಗುಣ ಎಂದು ಆ ಮನೆಯವರು ಆಡಿಕೊಂಡರಂತೆ. ನಮ್ಮಲ್ಲಿ ಈ ವಿಷಯ ಮಾತಾಗುವುದಿಲ್ಲ, ನಾನೂ ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ. ಅವಳು ಮುಳಬಾಗಿಲಿಗೆ ಮರಳಿ, ಬಿ.ಕಾಂ. ಮುಗಿಸಿ, ಮಾಲೂರಿನಲ್ಲಿ ಮನೆ ಮಾಡಿ ರೈಲು ಹಿಡಿದಳು. ಆಮೇಲೆ ಅವಳ ಬದುಕು ಆ ರೈಲೇ ಆಗಿತ್ತು. ಹೆಂಗಸರ ಡಬ್ಬಿಯಲ್ಲಿ ನಿಂತೇ ಅವರೆಕಾಯಿ ಸುಲಿಯುತ್ತಿದ್ದ ಗುಂಪಿನ ಮುಖ್ಯಸ್ಥೆ ಅವಳು.

ನಾನು ಮಾಲೂರಿಗೆ ಬರುವ ಕೆಲವು ತಿಂಗಳು ಮೊದಲು, ಒಂದು ಸಂಜೆ ರೈಲು ಇಳಿಯುವಾಗ ಹಿಂದಿನಿಂದ ಯಾರದೋ ಚೀಲ ತಳ್ಳಿ ಪ್ಲಾಟ್‌ಫಾರ್ಮಿನ ಮೇಲೆ ಬಿದ್ದಳು. ಎಡಗಾಲಿನ ಪಾದದ ಮೇಲಿನ ಹರಡಿನ ಹತ್ತಿರ ಮೂಳೆ ಮುರಿಯಿತು. ಪ್ಲೇಟು ಹಾಕಿದರು, ಕೂಡಿಕೊಂಡಿತು. ಕೋಲಾರದ ಡಾಕ್ಟರು ಎಕ್ಸ್‌ರೇ ಹಿಡಿದು, ಇನ್ನು ಓಡಬಹುದು ಎಂದರು. ಚಿಕ್ಕಮ್ಮ ಓಡುವುದಿರಲಿ, ಗೋಡೆ ಬಿಟ್ಟು ನಡೆಯಲಿಲ್ಲ. ಮನೆಯೊಳಗೆ ಗೋಡೆಯ ಮೇಲೆ ಕೈ. ಬೀದಿಯಲ್ಲಿ ಕಾಂಪೌಂಡಿನ ಮೇಲೆ ಕೈ. ಕಾಂಪೌಂಡು ಮುಗಿದಲ್ಲಿ ಅವಳ ನಡಿಗೆಯೂ ಮುಗಿಯುತ್ತಿತ್ತು. ನೋವಿದೆಯಾ ಎಂದು ಕೇಳಿದ್ದೆ.

"ನೋವಿಲ್ಲ ಕಣೇ. ಕಾಲು ನನ್ನ ಮಾತು ಕೇಳತ್ತೆ. ನಾನೇ ಅದನ್ನ ನಂಬಲ್ಲ," ಎಂದಿದ್ದಳು.

ಕಚೇರಿಯವರು ಒಳ್ಳೆಯವರೇ. ಯುಗಾದಿಯವರೆಗೆ ಕಾಯುತ್ತೇವೆ, ಆಮೇಲೆ ಬೇರೆಯವರನ್ನು ತೆಗೆದುಕೊಳ್ಳಲೇಬೇಕಾಗುತ್ತದೆ ಎಂದು ತಿಳಿಸಿದ್ದರು. ಯುಗಾದಿ ಹತ್ತಿರವಾದಂತೆ ಚಿಕ್ಕಮ್ಮ ಆ ಮಾತನ್ನೇ ಬಿಟ್ಟಳು. ಬೆಳಗಿನ ರೈಲಿನ ಸದ್ದು ಕೇಳುವಾಗ ಅಡುಗೆಮನೆಯಲ್ಲಿ ಮಿಕ್ಸಿ ಹಾಕುತ್ತಿದ್ದಳು, ಅರೆಯಲು ಏನೂ ಇಲ್ಲದಾಗಲೂ ಏನಾದರೊಂದು ಹಾಕುತ್ತಿದ್ದಳು.

ಅವಳನ್ನು ಹಳ್ಳಕ್ಕೆ ಕರೆದದ್ದು ನಾನೇ, ಬಹಳ ಯೋಚಿಸಿ. ಆ ಉದ್ದನೆಯ ಸಮತಟ್ಟಿನ ಮೇಲೆ ಮೊದಲು ಸುಮ್ಮನೆ ನಿಲ್ಲಬಹುದು. ಆಮೇಲೆ ಒಂದು ಮಾರು ಮೇಲಿನಿಂದ ಜಾರಬಹುದು. ಬೇಕಾದಷ್ಟೇ ಎತ್ತರಕ್ಕೆ ಹೋಗಬಹುದು. ಚಿಕ್ಕ ಜಾಡು ಇರುವುದೇ ಅದಕ್ಕೆ. ಅವಳು ನನ್ನನ್ನು ನೋಡಿ, ನಿನಗೆ ಬುದ್ಧಿ ಇದೆ ಅಂದುಕೊಂಡಿದ್ದೆ ಎಂದಳು. ಎರಡು ದಿನ ಬಿಟ್ಟು ಸಾರಿಗೆ ಒಗ್ಗರಣೆ ಹಾಕುತ್ತಾ ತಾನೇ ಶುರು ಮಾಡಿದಳು. ಮುಳಬಾಗಿಲಿನ ಬೆಟ್ಟದ ಬುಡದಲ್ಲಿ ಒಂದು ಜಾರುಬಂಡೆ ಇತ್ತಂತೆ. ತೆಂಗಿನ ಸೋಗೆಯ ಮೇಲೆ ಕೂತು ಅಮ್ಮನಿಗಿಂತ, ಸೋದರಮಾವಂದಿರಿಗಿಂತ ಮೇಲಿನಿಂದ ಇವಳು ಜಾರುತ್ತಿದ್ದಳಂತೆ. ಲಂಗ ಹರಿದು ಬೈಸಿಕೊಂಡ ಕತೆಯನ್ನೂ ಹೇಳಿದಳು. ಕೊನೆಗೆ, ಯಾರೂ ಇಲ್ಲದ ಹೊತ್ತಿಗಾದರೆ ಬರುತ್ತೇನೆ, ಬಾಗಿಲು ತೆರೆಯುವ ಮೊದಲು ಹೊರಟುಬಿಡಬೇಕು ಎಂದಳು. ನಾಚಿಕೆಯಿಂದ ಹಾಗೆ ಹೇಳುತ್ತಿದ್ದಾಳೆಂದು ಅಂದುಕೊಂಡೆ.

ಹೀಗೆ ದಿನವೂ ಬೆಳಿಗ್ಗೆ ನನ್ನ ಸ್ಕೂಟರಿನ ಹಿಂದೆ ಕೂತು, ಚೂಡಿದಾರದ ದುಪಟ್ಟಾವನ್ನು ಸೊಂಟಕ್ಕೆ ಬಿಗಿದುಕೊಂಡು ಚಿಕ್ಕಮ್ಮ ಬರತೊಡಗಿದಳು. ಮೊದಮೊದಲು ಬೂಟು ಹಾಕಿಕೊಂಡು ಸಮತಟ್ಟಿನ ಮೇಲೆ ಮೇಷ್ಟ್ರ ಕೈ ಹಿಡಿದು ನಿಂತಳು, ಅಷ್ಟೇ. ಆ ಬೂಟು ಹರಡನ್ನು ನಾಲ್ಕೂ ಕಡೆಯಿಂದ ಗಟ್ಟಿಯಾಗಿ ಹಿಡಿಯುತ್ತದೆ. ಅದು ಅವಳಿಗೆ ಇಷ್ಟವಾಯಿತು. ಆಮೇಲೆ ಗಿಡ್ಡ ಸ್ಕೀಗಳನ್ನು ಕಟ್ಟಿ ಒಂದು ಮಾರು ಮೇಲಿನಿಂದ ಬಿಟ್ಟೆವು. ಬಿಟ್ಟ ಕೂಡಲೇ ಹಿಂದಕ್ಕೆ ವಾಲಿ, ಬೆನ್ನ ಹಿಂದೆ ನೆಲಕ್ಕೆ ಕೈ ಚಾಚಿ ಕೂತುಬಿಟ್ಟಳು. ನಮ್ಮ ಜಿಲ್ಲೆಯಿಂದ ಬಂದವರೆಲ್ಲ ಹೀಗೇ ಮಾಡುತ್ತಾರೆಂದು ಮೇಷ್ಟ್ರು ಆಗಲೇ ಗುರುತಿಸಿದ್ದರು. ಬೆಂಗಳೂರಿನವರು ಮುಂದಕ್ಕೆ ಮುಗ್ಗರಿಸುತ್ತಾರೆ, ಇಲ್ಲಿಯವರು ಹಿಂದಕ್ಕೆ ಕೂರುತ್ತಾರೆ. ಬಂಡೆ ಕಲಿಸಿದ ಪಾಠ ಅದು. ಬಂಡೆಯ ಮೇಲೆ ಹಿಂದಕ್ಕೆ ವಾಲಿದವರು ಉಳಿಯುತ್ತಾರೆ. ಸ್ಕೀ ಮೇಲೆ ಇಳಿಜಾರಿನ ಕಡೆಗೇ ಮೈ ಕೊಡಬೇಕು. ಹಿಂದಕ್ಕೆ ವಾಲಿದರೆ ಸ್ಕೀ ನಮ್ಮನ್ನು ಬಿಟ್ಟು ಮುಂದೆ ಹೋಗುತ್ತದೆ.

ಮಂಡಿ ಮಡಿಚಿ, ಮುಂದಕ್ಕೆ ನೋಡಿ ಎಂದು ಮೇಷ್ಟ್ರು ಹಿಂದಿಯಲ್ಲಿ ಹೇಳಿದರು, ನಾನು ಕನ್ನಡದಲ್ಲಿ ಹೇಳಿದೆ. ಹೇಳಿ ಉಪಯೋಗವಾಗಲಿಲ್ಲ. ಒಂದು ವಾರ ಕೂರುವುದೇ ಆಯಿತು. ಹಾಸಿನ ಒರಟಿಗೆ ಅವಳ ಅಂಗೈ ತರಚಿ, ರಾತ್ರಿ ಕೊಬ್ಬರಿ ಎಣ್ಣೆ ಸವರಿಕೊಳ್ಳುವಾಗ ನಾನು ಇನ್ನು ಕರೆಯುವುದು ಬೇಡವೇನೋ ಎಂದುಕೊಂಡೆ. ಅವಳೇ ಮರುದಿನ ನನಗಿಂತ ಮೊದಲು ಎದ್ದು ಸಿದ್ಧಳಾಗಿದ್ದಳು.

ಅಂದು ಬೆಳಿಗ್ಗೆ ನಾವು ಹಳ್ಳದಲ್ಲಿದ್ದಾಗಲೇ ಬೆಂಗಳೂರಿನ ಕಡೆಯ ರೈಲು ಹೋಯಿತು. ಹಳ್ಳದಿಂದ ರೈಲು ಕಾಣುವುದಿಲ್ಲ, ಸದ್ದು ಮಾತ್ರ ಬರುತ್ತದೆ. ಚಿಕ್ಕಮ್ಮ ಮೊದಲ ಉಬ್ಬಿನ ಮೇಲೆ ನಿಂತು ಅದು ಪೂರ್ತಿ ಹೋಗುವವರೆಗೆ ಕೇಳಿದಳು. ಆಮೇಲೆ ಹೊರಟಳು. ಮಂಡಿ ತಾನಾಗಿ ಸಡಿಲವಾಗಿತ್ತು, ಭುಜ ಮುಂದಿತ್ತು, ಎರಡೂ ಕೈ ಹೊಟ್ಟೆಯ ಹತ್ತಿರ, ಅಲ್ಲೊಂದು ಚೀಲವಿದ್ದಂತೆ. ಉಬ್ಬು ಇಳಿದಳು, ಇನ್ನೊಂದು ಉಬ್ಬು ಹತ್ತಿ ಇಳಿದಳು, ಪೆಟ್ಟಿಗೆ, ದಿಬ್ಬಗಳ ಬದಿಯಿಂದ ಸಮತಟ್ಟಿಗೆ ಬಂದು ನಿಂತಳು.

"ಟ್ರೈನಲ್ಲಿ ಏನೂ ಹಿಡ್ಕೊಳ್ದೆ ನಿಲ್ತಿದ್ನಲ್ಲೇ, ಹಾಗೇ ಇದು. ಮೊದ್ಲೇ ಹೇಳೋದಲ್ವಾ," ಎಂದು ನನ್ನನ್ನೇ ಬೈದಳು.

ಅಲ್ಲಿಂದ ಮುಂದೆ ಅವಳಿಗೆ ನಾವು ಕಲಿಸಿದ್ದು ಕಡಿಮೆ. ಪೆಟ್ಟಿಗೆಯ ಮೇಲೆ ಜಾರಲು ತಾನೇ ಕಲಿತಳು. ಹೊರಡುವ ಮೊದಲು ಕೈ ಎತ್ತಿ ಕೂಗಿ ಹೇಳಬೇಕೆಂಬುದು ಪಾರ್ಕಿನ ನಿಯಮ. ಕೆಳಗೆ ಯಾರೂ ಇಲ್ಲದಿದ್ದರೂ ಚಿಕ್ಕಮ್ಮ ಪ್ರತಿ ಸಲ ಕೈ ಎತ್ತಿ, "ಬಂದೆ," ಎನ್ನುತ್ತಿದ್ದಳು. ಮನೆಯಲ್ಲಿ ಮಾತ್ರ ಕೈ ಇನ್ನೂ ಗೋಡೆಯ ಮೇಲೇ ಇತ್ತು.

ಜೆಸಿಬಿ ಸೋಮವಾರ ಬರುವುದೆಂದು ಗೊತ್ತಾಗಿತ್ತು. ಅದಕ್ಕೆ ಮೊದಲಿನ ಶುಕ್ರವಾರ, ಎಲ್ಲಿಂದ ಎಲ್ಲಿಗೆ ಅಗೆಸಬೇಕೆಂದು ನೋಡಲು ಮಾಲೀಕರು ಎಂದಿಗಿಂತ ಬೇಗ ಬಂದರು. ಚಿಕ್ಕಮ್ಮ ಮೇಲಿದ್ದಳು. ಅವರು ಬಂದದ್ದನ್ನು ನೋಡಲಿಲ್ಲ. ಕೈ ಎತ್ತಿ ಹೊರಟು, ಎರಡು ಉಬ್ಬು ದಾಟಿ, ಪೆಟ್ಟಿಗೆಯ ಮೇಲೆ ಜಾರಿ, ಅದುವರೆಗೆ ಬದಿಗೆ ಬಿಟ್ಟು ಹೋಗುತ್ತಿದ್ದ ಕೊನೆಯ ದಿಬ್ಬಕ್ಕೆ ಅಂದು ನೇರ ಹೋದಳು. ದಿಬ್ಬ ಅವಳನ್ನು ಒಂದು ಗೇಣು ಎತ್ತಿತು, ಇಳಿಸಿತು. ಅವಳು ಬೀಳಲಿಲ್ಲ. ನಿಂತು ತಲೆ ಎತ್ತಿದರೆ ಎದುರಿಗೆ ಮಾಲೀಕರು. ಚಿಕ್ಕಮ್ಮ ಬೂಟು ಬಿಚ್ಚಿ ನನ್ನ ಕೈಗೆ ಕೊಟ್ಟು, ಬೇಲಿ ಹಿಡಿದುಕೊಂಡು ಗೇಟಿನ ಕಡೆ ನಡೆದಳು.

ಆ ದಿನ ಗಂಟೆ ಹತ್ತಾಗುವುದರೊಳಗೆ ಹುತ್ತೂರಿನ ಕಡೆಯ ಒಂದು ಶಾಲೆಯ ಮಕ್ಕಳು ಬಸ್ಸಿನಲ್ಲಿ ಬಂದರು. ಮಧ್ಯಾಹ್ನ ಶ್ರೀನಿವಾಸಪುರದ ಕಾಲೇಜು ಹುಡುಗಿಯರ ಒಂದು ಗುಂಪು, ಸಂಜೆಗೆ ಬೆಂಗಳೂರಿನ ಕಾರುಗಳು. ಶಾಲೆಯವರು ಬರುತ್ತೇವೆಂದು ವಾರದ ಹಿಂದೆಯೇ ಮೇಷ್ಟ್ರಿಗೆ ಫೋನು ಮಾಡಿದ್ದರು. ಅದು ನನಗೂ ಗೊತ್ತಿತ್ತು, ಮಾಲೀಕರಿಗೂ ಹೇಳಿದ್ದೆವು. ಆದರೂ ಸಂಜೆ ಕುರ್ಚಿ ಎಳೆದುಕೊಂಡು ಕೂತ ಮಾಲೀಕರು ಕೇಳಿದ ಮೊದಲ ಮಾತು, ಬೆಳಿಗ್ಗೆ ಬೋಣಿ ಮಾಡಿದ ಆಯಮ್ಮ ಯಾರು ಎಂದು. ಶನಿವಾರವೂ ಬರುವಂತೆ ಹೇಳಿ ಎಂದರು. ಜೆಸಿಬಿಯವನಿಗೆ ತಾವೇ ಫೋನು ಮಾಡಿ, ಸೋಮವಾರ ಬೇಡ, ಹೇಳಿ ಕಳಿಸುತ್ತೇನೆ ಎಂದರು.

ನಾನು ಮನೆಗೆ ಹೋಗಿ ಹೇಳಿದಾಗ ಚಿಕ್ಕಮ್ಮನ ಮುಖ ಬದಲಾಯಿತು. ಇನ್ನು ಬರುವುದೇ ಇಲ್ಲ ಎಂದಳು. ಬಾಗಿಲು ತೆರೆಯುವ ಮೊದಲೇ ಅವಳು ಹೊರಟುಹೋಗುತ್ತಿದ್ದುದು ಯಾಕೆಂದು ನನಗೆ ಆಗ ತಿಳಿಯಿತು. ಮದುವೆ ಮನೆಗಳಲ್ಲಿ ಆರತಿ ತಟ್ಟೆ ಬರುವಾಗ ಅವಳು ಅಡುಗೆಯವರಿಗೆ ಏನೋ ಹೇಳಲು ಎದ್ದು ಹೋಗುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ಇದೂ ಅದೇ ಎಂದು ನನಗೆ ಹೊಳೆದಿರಲಿಲ್ಲ. ಮಾಲೀಕರು ಮೋಸ ಹೋಗಬಾರದು, ಅವರಿಗೆ ತಾನೇ ಹೇಳುತ್ತೇನೆ ಎಂದು ಮರುದಿನ ಬೆಳಿಗ್ಗೆ ಸೀರೆ ಉಟ್ಟು ಬಂದಳು. ಸೀರೆ ಉಟ್ಟಳೆಂದರೆ ಜಾರುವ ಉದ್ದೇಶವಿಲ್ಲವೆಂದು ಅರ್ಥ.

ಮಾಲೀಕರು ಗಲ್ಲಾದ ಹತ್ತಿರ ಊದುಬತ್ತಿ ಹಚ್ಚುತ್ತಿದ್ದರು. ಚಿಕ್ಕಮ್ಮ ಬೇಲಿ ಹಿಡಿದು ದೂರದಲ್ಲೇ ನಿಂತಳು.

"ನನ್ನ ಕೈಲಿ ಬೋಣಿ ಮಾಡಿಸ್ಬೇಡಿ. ನಮ್ಮನೆಯವರು ತೀರಿಕೊಂಡು ಬಹಳ ವರ್ಷ ಆಯ್ತು. ತಿಳೀದೆ ಮಾಡಿದ್ದು, ನೆನ್ನೇದು," ಎಂದಳು.

ಮಾಲೀಕರು ಊದುಬತ್ತಿಯನ್ನು ಬಾಳೆಹಣ್ಣಿಗೆ ಚುಚ್ಚಿದರು. ಕೈ ಒರೆಸಿಕೊಂಡರು. "ಗೂಡಿದ್ದಾಗ ನಮ್ದು ಬೋಣಿ ಮಾಡ್ತಿದ್ದೋಳು ನಮ್ಮವ್ವ," ಎಂದರು. "ಆಯಮ್ಮ ಮುಟ್ಟಿಕೊಟ್ಟ ಇಟ್ಟಿಗೇನೇ ಮೊದ್ಲು ಲಾರಿಗೆ ಏರ್ತಿದ್ದಿದ್ದು. ನಾನು ಕೂಸಿದ್ದಾಗ್ಲೇ ನಮ್ಮಪ್ಪ ಹೋಗ್ಬಿಟ್ಟಿದ್ದ. ಯಾರೂ ಕೇಳ್ಲಿಲ್ಲ. ಇಟ್ಟಿಗೆ ಏನು ಕಮ್ಮಿ ಸುಟ್ವಾ?"

ಚಿಕ್ಕಮ್ಮ ಬೇಲಿ ಹಿಡಿದುಕೊಂಡೇ ಒಂದು ಹೆಜ್ಜೆ ಹತ್ತಿರ ಬಂದಳು.

"ನಿಮ್ಮ ಕಾಲ್ಗುಣ ಚೆನ್ನಾಗೈತಮ್ಮ. ಸೀರೇಲಿ ಆಯ್ತದೋ ಇಲ್ವೋ ಅದು ನೋಡ್ಕಳಿ," ಎಂದು ಅವರು ಗೇಟು ತೆರೆಯಲು ಹೋದರು.

ಆ ಪದ ಅವಳ ಮುಖದ ಮೇಲೆ ಹೇಗೆ ಬಿತ್ತೆಂದು ನಾನು ನೋಡಲಿಲ್ಲ. ಬೂಟುಗಳನ್ನು ಹುಡುಕುವ ನೆವದಿಂದ ಶೆಡ್ಡಿಗೆ ಹೋದೆ. ಮರಳಿದಾಗ ಚಿಕ್ಕಮ್ಮ ಸೆರಗು ಬಿಗಿದು, ನೆರಿಗೆಯನ್ನು ಕಚ್ಚೆಯ ಹಾಗೆ ಹಿಂದಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ಅಂದು ಬಾಗಿಲು ತೆರೆದ ಮೇಲೆ, ಜನರ ಎದುರಿಗೆ, ಹುಣಸೆ ಮರದ ಕಡೆಯ ಜಾಡಿನಿಂದ ಬೋಣಿಯಾಯಿತು. ಬೆಂಗಳೂರಿನಿಂದ ಬಂದಿದ್ದ ಒಂದು ಕುಟುಂಬದ ಹೆಂಗಸು ಕೆಳಗೆ ನಿಂತು ನೋಡಿ, ಗಂಡನ ಕಡೆ ತಿರುಗಿ, ನಾನು ಅಲ್ಲಿಂದ ಶುರು ಮಾಡ್ತೀನಿ ಎಂದರು. ಆಮೇಲೆ ಆ ಮಾತನ್ನು ಬೇರೆ ಬೇರೆ ಬಾಯಲ್ಲಿ ಅನೇಕ ಸಲ ಕೇಳಿದೆ. ದಿನದ ಮೊದಲ ನೋಟ ಚಿಕ್ಕ ಜಾಡಿನದಾದ ಮೇಲೆ ಅಲ್ಲಿಗೆ ಹೋಗಲು ಯಾರಿಗೂ ನಾಚಿಕೆಯಾಗಲಿಲ್ಲ. ಮೇಷ್ಟ್ರಿಗೂ ಊದುಬತ್ತಿಯ ಹೆದರಿಕೆ ತಪ್ಪಿತು.

ಬೋಣಿಯಲ್ಲಿ ನನಗೆ ನಂಬಿಕೆಯಿಲ್ಲ. ಶಾಲೆಯ ಬಸ್ಸು ಯಾಕೆ ಬಂತೆಂದು ನನಗೆ ಗೊತ್ತು. ಅದನ್ನು ಮಾಲೀಕರಿಗೆ ಮತ್ತೊಮ್ಮೆ ನೆನಪಿಸಬೇಕೆಂದು ಮಾತ್ರ ನನಗೆ ತೋಚಲಿಲ್ಲ.

ಯುಗಾದಿ ಬಂತು. ಹಬ್ಬದ ದಿನ ಚಿಕ್ಕಮ್ಮ ಹೋಳಿಗೆ ಮಾಡಿ, ಎರಡೂ ಕೈಯಲ್ಲಿ ತಟ್ಟೆ ಹಿಡಿದು ಅಡುಗೆಮನೆಯಿಂದ ನಡುಮನೆಗೆ ಬಂದಳು. ತಟ್ಟೆ ಕೆಳಗಿಟ್ಟ ಮೇಲೆ ಅವಳಿಗೇ ಗೊತ್ತಾಯಿತು. ಬಂದ ದಾರಿಯನ್ನು ಒಮ್ಮೆ ತಿರುಗಿ ನೋಡಿದಳು. ಸಂಜೆ ಕಚೇರಿಯವರಿಗೆ ಫೋನು ಮಾಡಿ, ಸೋಮವಾರದಿಂದ ಬರುತ್ತೇನೆ ಎಂದಳು. ಮಾಲೀಕರಿಗೆ ಹೇಳುವ ಕೆಲಸ ನನಗೆ ಬಿತ್ತು. ಭಾನುವಾರವಾದರೂ ಬರುತ್ತಾರೆ ತಾನೆ ಎಂದು ಅವರು ಕೇಳಿದರು. ಬರುತ್ತಾಳೆ ಎಂದೆ. ಮಿಕ್ಕ ದಿನ ಯಾರು ಎಂದು ಯೋಚನೆಗೆ ಬಿದ್ದರು.

ಸೋಮವಾರ ಸ್ಟೇಷನ್ನಿಗೆ ನಾನೂ ಹೋದೆ. ಬರಬೇಡ ಎಂದಿದ್ದಳು. ಟಿಕೆಟು ಕೊಳ್ಳುವ ಸಾಲಿನ ಹತ್ತಿರವೇ ನಿಂತೆ. ರೈಲು ಬಂತು, ಹೆಂಗಸರ ಡಬ್ಬಿಯಿಂದ ಯಾರೋ ಅವಳ ಹೆಸರು ಹಿಡಿದು ಕೂಗಿದರು, ಇನ್ನಾರೋ ಲೇ ಬಂದ್ಳು ನೋಡ್ರೇ ಎಂದರು. ಎಲ್ಲರೂ ಹತ್ತಿದ ಮೇಲೆ ಚಿಕ್ಕಮ್ಮ ಬಾಗಿಲ ಎದುರು ನಿಂತಳು. ಹತ್ತುವ ಮೊದಲು ಅವಳ ಬಲಗೈ ಅರ್ಧದವರೆಗೆ ಎದ್ದಿತು. ಜಾಡಿನ ತಲೆಯಲ್ಲಿ ನಿಂತು ಎತ್ತುವಂತೆ. ಆಮೇಲೆ ಎಡಗಾಲು ಮೊದಲಿಟ್ಟು ಹತ್ತಿದಳು.

ಅಲ್ಲಿಂದ ನೇರ ಹಳ್ಳಕ್ಕೆ ಹೋದರೆ ಮಾಲೀಕರು ಪಂಚೆ ಮೇಲೆತ್ತಿ ಕಟ್ಟಿಕೊಂಡು, ಬೂಟು ಹಾಕಿಕೊಂಡು, ಚಿಕ್ಕ ಜಾಡಿನ ತಲೆಯಲ್ಲಿ ನಿಂತಿದ್ದರು. ಬಲ್ಲವರು ಬೋಣಿ ಮಾಡಿದರೆ ಆಗಿಬರುವುದಿಲ್ಲವೆಂದು ಮೇಷ್ಟ್ರ ಮೇಲೆ ಆಗಲೇ ತೀರ್ಪಾಗಿತ್ತು. ಹೊಸಬರೇ ಬೇಕು, ಬೇರೆ ಯಾರನ್ನೂ ನಂಬುವುದು ಕಷ್ಟ, ಆದ್ದರಿಂದ ತಾವೇ. ಮೇಷ್ಟ್ರು ಒಂದು ಕಡೆ, ನಾನು ಒಂದು ಕಡೆ ನಿಂತೆವು. ಕೆಳಗೆ ಶ್ರೀನಿವಾಸಪುರದಿಂದ ಬಂದಿದ್ದ ಅಕ್ಕತಂಗಿಯರಿಬ್ಬರು ಹೆಲ್ಮೆಟ್ಟು ಹಿಡಿದುಕೊಂಡು ತಮ್ಮ ಸರದಿಗೆ ಕಾಯುತ್ತಾ ತೆಲುಗಿನಲ್ಲಿ ಏನೋ ಹೇಳಿಕೊಂಡು ಬಾಯಿ ಮುಚ್ಚಿ ನಗುತ್ತಿದ್ದರು.

ಮುಂದಕ್ಕೆ ವಾಲಿ ಎಂದೆ. ಅವರು ಹಿಂದಕ್ಕೆ ವಾಲಿದರು. ಆದರೂ ಹೇಗೋ ಮೊದಲ ಉಬ್ಬು ದಾಟಿತು, ಎರಡನೆಯದೂ ದಾಟಿತು, ಪೆಟ್ಟಿಗೆಯ ಮೇಲೆ ಕೈಗಳನ್ನು ಕೊಕ್ಕರೆಯಂತೆ ಚಾಚಿ ಹೋದರು, ದಿಬ್ಬವನ್ನು ಬಿಟ್ಟು ಬದಿಯಿಂದ ಇಳಿದು ಸಮತಟ್ಟಿಗೆ ಬಂದರು. ಅಲ್ಲಿ, ವೇಗವೆಲ್ಲ ಇಳಿದು ಪೂರ್ತಿ ನಿಂತ ಮೇಲೆ, ಮೆಲ್ಲಗೆ ಕೂತುಬಿಟ್ಟರು.

"ಏಮ್ಮಾ, ಇದು ಬಿದ್ದಂಗಾ, ಕೂತಂಗಾ?" ಎಂದು ಅಲ್ಲಿಂದಲೇ ಕೇಳಿದರು.

"ನಿಂತ ಮೇಲೆ ಕೂತಿದ್ದು," ಎಂದೆ. ಅದು ನಿಜವೇ ಆಗಿತ್ತು.

ಸಂಜೆ ಚಿಕ್ಕಮ್ಮನನ್ನು ಎದುರುಗೊಳ್ಳಲು ಸ್ಟೇಷನ್ನಿಗೆ ಹೋಗಲಿಲ್ಲ. ಕಾಯಿಪಲ್ಲೆ ತರಲು ಹೊರಟಿದ್ದೆ, ಸ್ಟೇಷನ್ ರಸ್ತೆಯಲ್ಲಿ ಎದುರಾದಳು. ಹೆಗಲಿಗೆ ಚೀಲ, ಕೈಯಲ್ಲಿ ರೈಲಿನ ಗೆಳತಿಯರು ಕೊಟ್ಟ ಒಂದು ಪೊಟ್ಟಣ ಮಲ್ಲಿಗೆ ಮೊಗ್ಗು. ಹೇಗಿತ್ತು ಎಂದು ನಾನು ಕೇಳುವ ಮೊದಲೇ ಅವಳು ಕೇಳಿದಳು, ಇವತ್ತು ಬೋಣಿ ಯಾರು ಮಾಡಿದರು ಎಂದು. ಪಂಚೆ, ಕೊಕ್ಕರೆ, ಕೊನೆಯ ಪ್ರಶ್ನೆ, ನನ್ನ ಉತ್ತರ, ಎಲ್ಲವನ್ನೂ ಹೇಳಿದೆ. ಚಿಕ್ಕಮ್ಮ ನಗತೊಡಗಿ, ನಡೆಯಲಾಗದೆ ನಿಂತಳು. ಕಾಂಪೌಂಡು ರಸ್ತೆಯ ಆಚೆಗಿತ್ತು. ಅವಳು ನಡುರಸ್ತೆಯಲ್ಲಿ, ಮಲ್ಲಿಗೆಯ ಪೊಟ್ಟಣವನ್ನು ಬಾಯಿಗೆ ಅಡ್ಡ ಹಿಡಿದು, ಆಟೋದವನು ಹಾರ್ನ್ ಹೊಡೆಯುವವರೆಗೂ ನಗುತ್ತಾ ನಿಂತಿದ್ದಳು.